ಕಿವಿ ಕೇಳದ ಮಗುವಿನ ಬುದ್ಧಿಯೂ ಮಂದವಾಗುತ್ತದೆಯೇ?

ಮಗನಿಗೆ ಒಂದೂಮುಕ್ಕಾಲು ವರ್ಷ, ಎರಡೂ ಕಿವಿ ತೀರಾ ಮಂದ ಎಂದು ಬೆರಾ ಪರೀಕ್ಷೆಯಲ್ಲಿ (ಶಬ್ದಕ್ಕೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಪರೀಕ್ಷೆ) ಗೊತ್ತಾಯಿತು, ಬುದ್ಧಿಯೂ ಹಿಂದೆ ಬೀಳುತ್ತದೆಯೇ ಎಂದು ಕೇಳಿದ್ದೀರಿ. ಬೇರೆ ತೊಂದರೆ ಇಲ್ಲದಿದ್ದರೆ, ಇಲ್ಲ. ನನ್ನ ಮಗಳಿಗೂ ಹುಟ್ಟಿನಿಂದ ಕಿವಿ ಕೇಳಿಸದು, ಈಗ ಒಂಬತ್ತು ವರ್ಷ. ಚಿತ್ರ ಜೋಡಿಸುವುದರಲ್ಲಿ ಓರಗೆಯ ಮಕ್ಕಳಿಗೆ ಅವಳೆಂದೂ ಕಡಿಮೆ ಇರಲಿಲ್ಲ. ಹೆದರಬೇಕಾದದ್ದು ಯಾವ ಭಾಷೆಯೂ ಕೈಗೆ ಸಿಗದೆ ಕಳೆದುಹೋಗುವ ತಿಂಗಳುಗಳಿಗೆ.

ಹುಟ್ಟಿದ ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಕಿವಿಗೆ ಹಾಕುವ ಶ್ರವಣ ಮಷೀನು ಮತ್ತು ತರಬೇತಿ ಆಗಬೇಕು ಅನ್ನುತ್ತಾರೆ. ನಮಗೆ ಡಾಕ್ಟರೊಬ್ಬರು "ಕೆಲವು ಮಕ್ಕಳಿಗೆ ಮಾತು ತಡ" ಅಂದರು, ಒಂದು ವರ್ಷ ಹೋಯಿತು. ನೀವು ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಅಲ್ಲಿ ತೋರಿಸಿ, ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಶ್ರವಣ ಸಾಧನ) ಬಗ್ಗೆಯೂ ಕೇಳಿ. ಮಷೀನು ಎಚ್ಚರವಿರುವಷ್ಟು ಹೊತ್ತೂ ಕಿವಿಯಲ್ಲಿರಲಿ. ಸನ್ನೆ ಮಾಡಿದರೆ ಮಾತು ಬರುವುದಿಲ್ಲ ಎಂದು ಮಗುವಿನ ಕೈ ಹಿಡಿಯಬೇಡಿ, ಸನ್ನೆಯೂ ಭಾಷೆಯೇ.

ಇನ್ನು ನನಗೆ ತಡವಾಗಿ ಅರ್ಥವಾದದ್ದು. ಅವಳಿಗೆ ಐದೂವರೆ ಇದ್ದಾಗ ಟೀಚರ್ ಹಾರ್ಲಿಕ್ಸ್ ಬಾಟಲಿ ತೋರಿಸಿ ಒಳಗೇನಿದೆ ಅಂದರು. "ಹಾರ್ಲಿಕ್ಸ್" ಅಂದಳು. ಮುಚ್ಚಳ ತೆಗೆದರೆ ಹುರಳಿಕಾಳು. ಮತ್ತೆ ಮುಚ್ಚಿ, "ಹೊರಗಿರೋ ಅಜ್ಜಿ ಬಂದು ನೋಡಿದರೆ ಇದರಲ್ಲಿ ಏನಿದೆ ಅಂದ್ಕೋತಾರೆ?" "ಹುರಳಿ." ತನಗೆ ಗೊತ್ತಿದ್ದದ್ದು ಅಜ್ಜಿಗೂ ಗೊತ್ತು ಎಂದೇ ಅವಳ ಲೆಕ್ಕ. ಕಿವಿ ಕೇಳುವ ಮಕ್ಕಳು ನಾಲ್ಕೈದು ವರ್ಷಕ್ಕೆ ಇದನ್ನು ಸರಿಯಾಗಿ ಹೇಳುತ್ತಾರೆ. ತಂದೆತಾಯಿಯೂ ಕಿವುಡರಾಗಿದ್ದು, ಹುಟ್ಟಿನಿಂದ ಸನ್ನೆ ಭಾಷೆಯಲ್ಲೇ ಬೆಳೆದ ಕಿವುಡ ಮಕ್ಕಳೂ ಅದೇ ವಯಸ್ಸಿಗೆ ಹೇಳುತ್ತಾರೆ ಎಂದು ಸಂಶೋಧನೆಗಳು ತೋರಿಸಿವೆ. ಕೊರತೆ ಇದ್ದದ್ದು ನಮ್ಮ ಮಾತುಕತೆಯಲ್ಲಿ.

"ಅಪ್ಪ ಮರೆತಿರಬೇಕು", "ಅತ್ತೆ ಬೇಜಾರು ಮಾಡಿಕೊಂಡರೇನೋ" ಅನ್ನುವುದು ಬೇರೆ ಮಕ್ಕಳ ಕಿವಿಗೆ ಅಡುಗೆಮನೆಯಿಂದ ತಾನಾಗಿ ಬೀಳುತ್ತದೆ. ನಾವು ಅವಳೊಡನೆ ಆಡುತ್ತಿದ್ದದ್ದು ಬಾ, ತಿನ್ನು, ನಾಯಿ, ಚೆಂಡು, ಅಷ್ಟೇ. ಅವತ್ತಿನಿಂದ ಮನಸ್ಸಿನೊಳಗಿನದನ್ನೂ ಮಾತಿನಲ್ಲಿ, ಸನ್ನೆಯಲ್ಲಿ ಅವಳ ಕಣ್ಣೆದುರು ಹೇಳತೊಡಗಿದೆ. ಹಾಲು ಉಕ್ಕಿದರೆ "ಒಲೆ ಆರಿಸಿದ್ದೀನಿ ಅಂದ್ಕೊಂಡೆ, ಮರೆತಿದ್ದೆ" ಅನ್ನುತ್ತಿದ್ದೆ. ಇದನ್ನು ನೀವು ಇವತ್ತೇ ಶುರು ಮಾಡಬಹುದು, ದುಡ್ಡೇನೂ ಬೇಕಿಲ್ಲ.

ಏಳೆಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರಪ್ಪನ ಚಪ್ಪಲಿಯನ್ನು ಮಂಚದ ಕೆಳಗೆ ತಳ್ಳಿ, ನನ್ನ ಸೆರಗು ಎಳೆದು ಪಿಸುಗುಟ್ಟಿದಳು: "ಅಪ್ಪ ಬಾಗಿಲ ಹತ್ರ ಇದೆ ಅಂದ್ಕೋತಾರೆ."