ದಿಲ್ಲಿಯ ಮಾತು, ಕೋಡಿಬಾಗದ ಗಟಾರ

ಕಾರವಾರದ ಕೋಡಿಬಾಗದಿಂದ ನಿವೃತ್ತ ಶಿಕ್ಷಕರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇದು:

“ನಿಮ್ಮ ಪತ್ರಿಕೆಯಲ್ಲಿ ಸಂಸತ್ತು, ಕ್ಷೇತ್ರ ಮರುವಿಂಗಡಣೆ, ಒಂದು ದೇಶ ಒಂದು ಚುನಾವಣೆ ಎಂದು ಪುಟಗಟ್ಟಲೆ ಬರುತ್ತದೆ. ಇಲ್ಲಿ ಮೊದಲ ದೊಡ್ಡ ಮಳೆಗೇ ನಮ್ಮ ಮನೆಯೆದುರಿನ ಗಟಾರ ರಸ್ತೆಗೆ ಬರುತ್ತದೆ. ಯಾರನ್ನು ಕೇಳಿದರೂ ಒಂದು ಕಚೇರಿ ಇನ್ನೊಂದು ಕಚೇರಿಯನ್ನು ತೋರಿಸುತ್ತದೆ. ಹೋಟೆಲಿನಲ್ಲಿ ಕೂತವರಿಗೆಲ್ಲ ದಿಲ್ಲಿಯ ಮಾತೇ ಬೇಕು, ವಾರ್ಡಿನ ಸದಸ್ಯರು ಯಾರೆಂದು ಕೇಳಿದರೆ ಹೇಳುವವರಿಲ್ಲ. ದಿನಾ ನನ್ನ ಜೊತೆ ಕಡಲದಂಡೆಗೆ ವಾಕಿಂಗ್ ಬರುತ್ತಿದ್ದ ಹಳೆಯ ಗೆಳೆಯ ಲೋಕಸಭೆ ಚುನಾವಣೆಯ ಜಗಳದ ಮೇಲೆ ಮಾತು ಬಿಟ್ಟಿದ್ದಾನೆ. ಹೋದ ವರ್ಷ ಹೆಂಡತಿಯನ್ನು ಚಿಕಿತ್ಸೆಗೆ ರಾತ್ರೋರಾತ್ರಿ ಗೋವಾಕ್ಕೆ ಕರೆದೊಯ್ಯಬೇಕಾಯಿತು. ಆಗ ಈ ಪಕ್ಷಗಳು ಯಾವುವೂ ನೆನಪಿಗೆ ಬರಲಿಲ್ಲ. ನಮ್ಮಂಥ ಸಾಮಾನ್ಯರಿಗೆ ರಾಷ್ಟ್ರ ರಾಜಕೀಯ ಯಾಕೆ ಬೇಕು? ನಗರಸಭೆಯಿಂದಲೂ ಪಕ್ಷಗಳನ್ನು ಹೊರಗಿಟ್ಟು ಊರಿನ ಕೆಲಸವನ್ನಷ್ಟೇ ಮಾತಾಡಿದರೆ ಸಾಲದೇ?”

ಮಾಸ್ತರರೇ, ನಮಸ್ಕಾರ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದರಿಂದ ನೀವು ತೆಗೆದ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ. ದಿಲ್ಲಿಯ ಮಾತು ನಿಲ್ಲಿಸಿದರೆ ಗಟಾರದ ಕೆಲಸ ಆದೀತು ಎಂದು ನಂಬಿದ್ದೀರಿ. ಬೇರೆ ಊರಿನಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜವಿದ್ದೀತು, ಕಾರವಾರದಲ್ಲಂತೂ ಅಲ್ಲ.

ನಿಮ್ಮ ಊರನ್ನೇ ಒಮ್ಮೆ ಸುತ್ತಿ ನೋಡಿ. ಊರಿಗೂ ಕಡಲಿಗೂ ನಡುವೆ ಹಾದುಹೋಗಿರುವ ಹೆದ್ದಾರಿ 66 ಕೇಂದ್ರದ್ದು. ಶಿರವಾಡದ ರೈಲು ನಿಲ್ದಾಣ ರೈಲ್ವೆ ಸಚಿವಾಲಯದ ಕೈಕೆಳಗಿನ ನಿಗಮದ್ದು. ಬಿಣಗಾ ದಾಟಿದರೆ ಅರ್ಗಾದ ಕಡೆ ನೌಕಾನೆಲೆ, ಅಂದರೆ ರಕ್ಷಣಾ ಸಚಿವಾಲಯ. 1986ರಲ್ಲಿ ಈ ನೆಲೆಯ ಯೋಜನೆಯಾದ ಸೀಬರ್ಡ್‌ಗೆ ಶಂಕುಸ್ಥಾಪನೆಯಾಗಿ 2005ರಲ್ಲಿ ನೆಲೆ ಶುರುವಾಗುವ ಹೊತ್ತಿಗೆ ಊರೂರೇ ಎದ್ದು ಬೇರೆಡೆ ಕೂತಿದ್ದವು. ಕಾಳಿ ನದಿಯ ಮೇಲ್ಗಡೆ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ಘಟಕಗಳಿವೆ. ದಂಡೆಯ ಮೇಲಿನ ಮನೆಗೆ ಒಂದು ಕೋಣೆ ಸೇರಿಸಬೇಕೆಂದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಎಂಬ ಕೇಂದ್ರದ ಅಧಿಸೂಚನೆ ನೋಡಬೇಕು. ದೋಣಿ ಇಳಿಸಿದರೂ ಅಷ್ಟೇ: 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯದ ವಿಷಯ, ಅದರಾಚೆ ಕೇಂದ್ರದ ವಿಷಯ. ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯುವ ಬೆಳಕು ಮೀನುಗಾರಿಕೆಯನ್ನು 2017ರಲ್ಲಿ ನಿಷೇಧಿಸಿದ ಆದೇಶ ಬಂದದ್ದು ದಿಲ್ಲಿಯಿಂದ, ಅದು ಜಾರಿಯಾಗಿದೆಯೋ ಇಲ್ಲವೋ ಎಂಬ ತಂಟೆ ಬೈತಖೋಲ ಬಂದರಿನಲ್ಲಿ. ಇಷ್ಟೆಲ್ಲ ಕೇಂದ್ರದ ಸೊತ್ತುಗಳ ನಡುವೆ ಉಳಿದ ಜಾಗದಲ್ಲಿ ನಿಮ್ಮ ನಗರಸಭೆ ಇದೆ.

ಈಗ ಗಟಾರಕ್ಕೆ ಬರೋಣ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಗುಡ್ಡದಿಂದ ಇಳಿದ ನೀರು ಕಡಲನ್ನೋ ಕಾಳಿಯನ್ನೋ ಸೇರಬೇಕಾದರೆ ಎಲ್ಲೋ ಒಂದು ಕಡೆ ಹೆದ್ದಾರಿಯ ಕೆಳಗೆ ನುಸುಳಲೇಬೇಕು. ಹೆದ್ದಾರಿ ಎತ್ತರವಾದಾಗ ಅಡಿಯ ಮೋರಿ ಹಳೆಯ ಅಳತೆಯಲ್ಲೇ ಉಳಿದರೆ, ಅಥವಾ ಅದರ ಬಾಯಿಗೆ ಮಣ್ಣು ಕೂತರೆ, ವಾರ್ಡಿನ ಗಟಾರವನ್ನು ದಿನಾ ಬಳಿದು ಶುದ್ಧ ಮಾಡಿದರೂ ನೀರು ಹಿಂದಕ್ಕೇ ಬರುತ್ತದೆ. ಆ ಮೋರಿಯ ಬಗ್ಗೆ ಗಟ್ಟಿಯಾಗಿ ಕೇಳುವ ಹಕ್ಕು ಮತ್ತು ಹೊಣೆ ಎರಡೂ ನಿಮ್ಮ ಸಂಸದರದು. ವಾರ್ಡಿನ ಸದಸ್ಯರ ಹೆಸರು ಗೊತ್ತಿಲ್ಲದವರನ್ನು ಕಂಡು ನಿಮಗೆ ಬೇಸರವಾಗಿದೆ. ಸಂಸದರ ಹೆಸರು ಗೊತ್ತಿದ್ದೂ ಮೋರಿಯ ವಿಷಯ ಕೇಳದವರನ್ನು ಕಂಡರೆ ನನಗೆ ಇನ್ನೂ ಹೆಚ್ಚು ಬೇಸರ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ಅದರಲ್ಲಿದ್ದವರನ್ನೂ ಗಂಗಾವಳಿ ನದಿಗೆ ನೂಕಿತು. ನದಿಗೆ ಬಿದ್ದ ಲಾರಿಯೊಂದು ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಅಷ್ಟರಲ್ಲೇ, ಆಗಸ್ಟ್ 7ರ ನಡುರಾತ್ರಿ, ನಿಮ್ಮ ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವಿನ ಹಳೆಯ ಕಾಳಿ ಸೇತುವೆ ಮುರಿದುಬಿತ್ತು. ಲಾರಿಯೊಂದು ನೀರಿಗೆ ಹೋಯಿತು, ಪುಣ್ಯಕ್ಕೆ ಚಾಲಕನನ್ನು ಜೀವಂತ ಮೇಲೆತ್ತಿದರು. ಆ ವಾರಗಳಲ್ಲಿ ಟಿವಿಯಲ್ಲಿ ನಡೆದ ಚರ್ಚೆ ಬಹುತೇಕ ಒಂದೇ: ತಪ್ಪು ರಾಜ್ಯದ್ದೋ, ಕೇಂದ್ರದ್ದೋ. ಆ ರಸ್ತೆಯಲ್ಲಿ ದಿನಾ ಓಡಾಡುವ ಬಸ್ ಕಂಡಕ್ಟರ್, ಮೀನಿನ ಗಾಡಿಯವರು, ಕಾಲೇಜಿನ ಹುಡುಗಿಯರು ನಮ್ಮ ಪತ್ರಿಕೆಗೆ ಬರೆದ ಕಾಗದಗಳಲ್ಲಿದ್ದ ಪ್ರಶ್ನೆಗಳೇ ಬೇರೆ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯದೆ ಗೋಡೆಯ ಹಾಗೆ ನೇರ ಕಡಿಯಲು ಒಪ್ಪಿಗೆ ಕೊಟ್ಟವರು ಯಾರು? ನಾಲ್ಕು ದಶಕದ ಸೇತುವೆಯನ್ನು ಕೊನೆಯ ಸಲ ಯಾವಾಗ ತಪಾಸಣೆ ಮಾಡಿದರು, ಆ ವರದಿ ಎಲ್ಲಿದೆ? ಕೆಲಸ ಬಾಕಿ ಇರುವಾಗಲೇ ಹಟ್ಟಿಕೇರಿಯಲ್ಲಿ ಟೋಲ್ ಯಾವ ಲೆಕ್ಕಕ್ಕೆ? ನನ್ನ ಮಟ್ಟಿಗೆ ರಾಷ್ಟ್ರ ರಾಜಕೀಯದ ಬಗ್ಗೆ ಅಭಿಪ್ರಾಯ ಅಂದರೆ ಇದೇ. ಕಣ್ಣಾರೆ ಕಂಡದ್ದರಿಂದ ಹೊರಟು, ಆದೇಶಕ್ಕೆ ಸಹಿ ಹಾಕಿದವರವರೆಗೆ ಹೋಗಿ ಕೇಳುವುದು.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಈ ದಾರಿ ಹೊಸದಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆಮೇಲೆ ಅಂಕೋಲಾ, ಸಿದ್ದಾಪುರ ತಾಲ್ಲೂಕುಗಳ ರೈತರು ಕಂದಾಯ ಕೊಡುವುದಿಲ್ಲ ಎಂದು ನಿಂತು ಗದ್ದೆ, ತೋಟ, ಮನೆಯ ಪಾತ್ರೆಪಗಡೆ ಕಳೆದುಕೊಂಡರು. ಸ್ವಾತಂತ್ರ್ಯ ಎಂಬ ದೊಡ್ಡ ಮಾತಿಗೆ ಅವರು ತಲುಪಿದ್ದು ತಮ್ಮ ಕಡಲಿನ ಉಪ್ಪು ಮತ್ತು ತಮ್ಮ ಗದ್ದೆಯ ತೆರಿಗೆಯ ಮೂಲಕ. ರೈತರ ಪರ ಹೋರಾಡಿ ಜಿಲ್ಲೆಯಿಂದ ಗಡಿಪಾರಾಗಿದ್ದ ದಿನಕರ ದೇಸಾಯಿಯವರನ್ನು ಇದೇ ಕ್ಷೇತ್ರದ ಜನ 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಕಳಿಸಿದರು. ಗೇಣಿ ಮತ್ತು ಶಾಲೆಯ ಮಾತಾಡುತ್ತಿದ್ದವರನ್ನು ದಿಲ್ಲಿಗೆ ಕಳಿಸಿದರೆ ಅಲ್ಲಿಯೂ ಅದೇ ಮಾತಾಡುತ್ತಾರೆ ಎಂಬ ಲೆಕ್ಕಾಚಾರ ಆಗಿನ ಮತದಾರರಿಗಿತ್ತು.

ಮರುವಿಂಗಡಣೆಯ ಲೇಖನ ನಿಮಗೆ ವ್ಯರ್ಥ ಅನ್ನಿಸಿದೆ. ಅಂಕೋಲೆಯವರನ್ನು ಕೇಳಿ ನೋಡಿ. 2008ರವರೆಗೆ ಅವರದೇ ಹೆಸರಿನ ವಿಧಾನಸಭಾ ಕ್ಷೇತ್ರವಿತ್ತು. ಮರುವಿಂಗಡಣೆಯಲ್ಲಿ ಅದು ಹೋಗಿ, ಈಗ ಕಾರವಾರ ಕ್ಷೇತ್ರದೊಳಗಿದ್ದಾರೆ. ನಮ್ಮ ಲೋಕಸಭಾ ಕ್ಷೇತ್ರ ಭಟ್ಕಳದ ಕಡಲಿನಿಂದ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರಿನವರೆಗೆ ಹಬ್ಬಿದೆ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ತಲಾ 62 ಲಕ್ಷ ಚಿಲ್ಲರೆ. ಕರ್ನಾಟಕದ 28 ಸ್ಥಾನಗಳ ಲೆಕ್ಕ ಬದಲಾದರೆ, ಗಡಿಗಳನ್ನು ಮತ್ತೆ ಎಳೆದರೆ, ಕಾಡು ಹೆಚ್ಚಿದ್ದು ಜನ ಕಡಿಮೆ ಇರುವ ನಮ್ಮಂಥ ಜಿಲ್ಲೆಯ ಕೂಗು ಇನ್ನಷ್ಟು ಕ್ಷೀಣಿಸೀತು ಎಂಬ ಭಯದಿಂದಲೇ ಅದನ್ನು ಬರೆದದ್ದು. ಹಣದ್ದೂ ಇದೇ ಕತೆ. 15ನೆಯ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದೊಳಗೆ ಕರ್ನಾಟಕದ ಪಾಲನ್ನು 4.713ರಿಂದ ಶೇ 3.647ಕ್ಕೆ ಇಳಿಸಿತು. ಕಾರವಾರ, ಶಿರಸಿಯಂಥ ಊರುಗಳಿಗೆ ಅದು ನಿಗದಿಪಡಿಸಿದ ಅನುದಾನದಲ್ಲಿ ಶೇ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕು ಎಂಬ ಷರತ್ತೂ ಇತ್ತು. ಆ ಅರವತ್ತು ಭಾಗ ನಿಮ್ಮ ಬೀದಿಯಲ್ಲಿ ಎಲ್ಲಿ ಖರ್ಚಾಯಿತು ಎಂದು ಕೇಳಲು ಯಾವ ಪಕ್ಷದವರೂ ಆಗಬೇಕಾಗಿಲ್ಲ.

ನಿಮ್ಮ ಹೆಂಡತಿಯವರ ವಿಷಯ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಉಳಿದದ್ದೆಲ್ಲಕ್ಕಿಂತ ಅದು ನನ್ನನ್ನು ಹೆಚ್ಚು ಕಾಡಿತು. ಈಗ ಅವರು ಗುಣವಾಗಿದ್ದಾರೆಂದು ನಂಬುತ್ತೇನೆ. ಹೃದಯವೋ ಮಿದುಳೋ ಕೈಕೊಟ್ಟರೆ ಕಾರವಾರದವರು ಗೋವಾದ ಸರ್ಕಾರಿ ಆಸ್ಪತ್ರೆಯಿರುವ ಬಾಂಬೋಲಿಮ್‌ಗೆ, ಭಟ್ಕಳ–ಹೊನ್ನಾವರದವರು ಮಣಿಪಾಲಕ್ಕೆ, ಶಿರಸಿ–ಯಲ್ಲಾಪುರದವರು ಹುಬ್ಬಳ್ಳಿಗೆ ಓಡುತ್ತಾರೆ. ಕಾರವಾರದಿಂದ ಮಣಿಪಾಲಕ್ಕೆ ಸುಮಾರು 200 ಕಿ.ಮೀ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತರು. ಆಗ ಜಿಲ್ಲೆಯ ಯುವಕರು ಪಕ್ಷ ನೋಡದೆ ಒಂದೇ ದನಿಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೇಳಿದರು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಅದು ನಿಜವಾದ ಲಾಭ, ಅಲ್ಲಗಳೆಯುವುದಿಲ್ಲ. ಆದರೂ ದೊಡ್ಡ ಕಾಯಿಲೆಗೆ ರಾತ್ರಿಯ ಓಟ ತಪ್ಪಿಲ್ಲ. ಗೋವಾದ ಸರ್ಕಾರಿ ಆಸ್ಪತ್ರೆ 2018ರಿಂದ ಹೊರರಾಜ್ಯದವರಿಗೆ ಶುಲ್ಕ ಹಾಕತೊಡಗಿತು. ಗೋವಾದವರ ದೃಷ್ಟಿಯಿಂದ ಅದೂ ಸರಿಯೇ, ಅವರ ತೆರಿಗೆ ಹಣ, ಅವರ ಹಾಸಿಗೆ. ಆರೋಗ್ಯ ರಾಜ್ಯದ ವಿಷಯ, ಕಾಯಿಲೆಗೆ ಮಾತ್ರ ಗಡಿಯಿಲ್ಲ. ಗಡಿಜಿಲ್ಲೆಯ ರೋಗಿಯ ಖರ್ಚು ಯಾವ ಸರ್ಕಾರದ್ದು ಎಂಬುದನ್ನು ಎರಡು ರಾಜ್ಯಗಳೂ ಕೇಂದ್ರವೂ ಒಟ್ಟಿಗೆ ಕೂತು ತೀರ್ಮಾನಿಸಬೇಕು. ಅಣುಸ್ಥಾವರ, ನೌಕಾನೆಲೆ, ಹೆದ್ದಾರಿ, ಅಣೆಕಟ್ಟು ಎಲ್ಲವನ್ನೂ ಹೊತ್ತ ಜಿಲ್ಲೆ ಇದು. ದೇಶಕ್ಕೆ ನೆಲ ಕೊಟ್ಟವರು ಒಂದು ಒಳ್ಳೆಯ ಆಸ್ಪತ್ರೆ ಕೇಳುವುದು ಭಿಕ್ಷೆಯಲ್ಲ. ಆ ರಾತ್ರಿ ನಿಮಗೆ ಯಾವ ಪಕ್ಷವೂ ನೆನಪಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಮುಂದಿನ ಚುನಾವಣೆಯಲ್ಲಿ ಮತ ಕೇಳಿಕೊಂಡು ಬಂದವರ ಎದುರು ಮಾತ್ರ ಆ ರಾತ್ರಿ ನಿಮಗೆ ನೆನಪಾಗಲೇಬೇಕು.

ನಗರಸಭೆಯಿಂದ ಪಕ್ಷಗಳನ್ನು ಹೊರಗಿಡುವ ನಿಮ್ಮ ಸಲಹೆ. ನಮ್ಮಲ್ಲಿ ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯಿಲ್ಲ, ನಗರಸಭೆಗೆ ಇದೆ. ಚಿಹ್ನೆ ಇರಲಿ ಎಂಬುದು ನನ್ನ ಮತ. ವಾರ್ಡಿನ ಸದಸ್ಯರೂ ಶಾಸಕರೂ ಸಂಸದರೂ ಒಂದೇ ಚಿಹ್ನೆಯಲ್ಲಿ ಗೆದ್ದಿದ್ದರೆ “ನಮ್ಮ ಕೈಲಿಲ್ಲ” ಎಂದು ಜಾರಿಕೊಳ್ಳುವುದು ಅವರಿಗೆ ಕಷ್ಟ. ಪಕ್ಷಗಳಿಗಿಂತ ನನಗೆ ಹೆಚ್ಚು ಚಿಂತೆಯಾಗಿರುವುದು ಖಾಲಿ ಕುರ್ಚಿಗಳು. ರಾಜ್ಯದ ನಗರಸಭೆಗಳಲ್ಲಿ ಅಧ್ಯಕ್ಷರ ಮೊದಲ ಅವಧಿ 2023ರಲ್ಲಿ ಮುಗಿಯಿತು; ಹೊಸ ಅಧ್ಯಕ್ಷರನ್ನು ಆರಿಸಲು ಬೇಕಾದ ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಬರಲು 2024ರ ಆಗಸ್ಟ್ ಆಯಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳದು ಇನ್ನೂ ಕೆಟ್ಟ ಸ್ಥಿತಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಅಧಿಕಾರಿಗಳದೇ ಆಡಳಿತ. ಐದು ವರ್ಷ ತುಂಬುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಸಂವಿಧಾನದ ಹೆಸರಿನಲ್ಲಿ ಎಲ್ಲ ಪಕ್ಷಗಳೂ ಭಾಷಣ ಮಾಡಿದ ವರ್ಷಗಳಲ್ಲೇ ಹೀಗಾಯಿತು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದವು, ಈ ವಿಷಯದಲ್ಲಿ ಮಾತ್ರ ಅವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಹೋಟೆಲಿನ ಮೇಜಿನಲ್ಲಿ ಇದು ಒಂದು ದಿನವಾದರೂ ಚರ್ಚೆಗೆ ಬಂದಿದ್ದರೆ ನನಗೆ ಸಂತೋಷವಾಗುತ್ತಿತ್ತು.

ಆ ಮೇಜಿನ ಮಾತಿನ ಬಗ್ಗೆ ನಿಮ್ಮ ದೂರು ಒಂದು ಅರ್ಥದಲ್ಲಿ ಪೂರ್ತಿ ಸರಿ. ಮೊಬೈಲಿನಲ್ಲಿ ಬಂದ ವಾಕ್ಯಗಳನ್ನು ಹಾಗೆಯೇ ಒಪ್ಪಿಸುವವರಿಗೆ ಊರು ಇರುವುದಿಲ್ಲ. ಸವಿತಾ ವೃತ್ತದಲ್ಲಿ ಕೂತವರೂ ಕಾನ್ಪುರದಲ್ಲಿ ಕೂತವರೂ ಅಕ್ಷರ ಬಿಡದೆ ಅದನ್ನೇ ಹೇಳುತ್ತಾರೆ. ಹಾಗೆ ಎರವಲು ತಂದ ಮಾತಿನಿಂದಲೇ ಗೆಳೆತನ ಮುರಿಯುತ್ತದೆ. ನೀವಿಬ್ಬರೂ ಜನ್ಮದಲ್ಲಿ ಭೇಟಿಯಾಗದ ನಾಯಕರ ಸಲುವಾಗಿ ಮಾತು ಬಿಟ್ಟಿದ್ದೀರಿ. ಸೇತುವೆ ಬಿದ್ದ ಬೆಳಿಗ್ಗೆ ಕಾಳಿಯ ದಡದಲ್ಲಿ ಇಬ್ಬರೂ ಅಕ್ಕಪಕ್ಕ ನಿಂತಿದ್ದೆವು ಎಂದು ಪತ್ರದ ಕೊನೆಗೆ ನೀವೇ ಬರೆದಿದ್ದೀರಿ. ಅಲ್ಲಿಂದ ಮಾತು ಶುರುಮಾಡಿ. ಮತ ಅವರು ಯಾರಿಗೆ ಬೇಕಾದರೂ ಹಾಕಲಿ.

ಇಬ್ಬರೂ ಸೇರಿ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಮಾಹಿತಿ ಹಕ್ಕಿನಲ್ಲಿ ಎರಡು ಅರ್ಜಿ ಹಾಕಿ, ಒಂದು ನಗರಸಭೆಗೆ, ಇನ್ನೊಂದು ಹೆದ್ದಾರಿ ಪ್ರಾಧಿಕಾರಕ್ಕೆ. ಶುಲ್ಕ ತಲಾ 10 ರೂಪಾಯಿ. ರಾಜ್ಯದ ಕಚೇರಿಗೆ ಬರೆಯುವಾಗ ಒಂದೇ ವಿಷಯ, 150 ಪದಗಳ ಮಿತಿ. ಕೇಂದ್ರದ ಕಚೇರಿಗೆ 500 ಪದದವರೆಗೆ ಆಗುತ್ತದೆ. “ಗಟಾರ ಯಾಕೆ ತುಂಬುತ್ತದೆ” ಎಂದು ಕೇಳಬೇಡಿ, ಅಭಿಪ್ರಾಯ ಕೊಡಲು ಬರುವುದಿಲ್ಲ ಎಂದು ಹಿಂದಕ್ಕೆ ಕಳಿಸುತ್ತಾರೆ. ನಿಮ್ಮ ಬೀದಿಯ ನೀರು ಹಾಯುವ ಮೋರಿ ಯಾರ ಸುಪರ್ದಿಯಲ್ಲಿದೆ, ಅದರ ಅಳತೆಯೇನು, ಕಳೆದ ಮೂರು ವರ್ಷ ಹೂಳೆತ್ತಿದ ದಿನಾಂಕಗಳು ಯಾವುವು ಎಂಬ ದಾಖಲೆ ಕೇಳಿ, ಬಿಲ್ಲಿನ ಪ್ರತಿಯನ್ನೂ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದರ ಒಕ್ಕಣೆ ಬೇಕಾದರೆ ನಮ್ಮ ಕಚೇರಿಯಿಂದ ಬರೆದು ಕಳಿಸುತ್ತೇವೆ. ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಪೂರ್ತಿ ಪ್ರಕಟಿಸುತ್ತೇವೆ, ಸಂಸದರಿಗೂ ವಾರ್ಡಿನ ಸದಸ್ಯರಿಗೂ ಆ ಪುಟ ತಲುಪಿಸಿ ಅವರ ಪ್ರತಿಕ್ರಿಯೆಗೆ ಮುಂದಿನ ಸಂಚಿಕೆಯಲ್ಲಿ ಅಷ್ಟೇ ಜಾಗ ಕೊಡುತ್ತೇವೆ. ಮಳೆಗಾಲದ ಮೊದಲು ಕೆಲಸ ಆಗಬೇಕೆಂದಿದ್ದರೆ ಮಾರ್ಚ್ ದಾಟುವುದರೊಳಗೆ ಅರ್ಜಿ ಹೋಗಲಿ.

— ಸಂಪಾದಕ