ಪರ್ಷಿಯನ್ ಮಾತಿನಲ್ಲಿ ಉಗ್ಗು ಎಲ್ಲಿ ಕಾಡುತ್ತದೆ?

ಪತ್ರ: ವಾಕ್ ಚಿಕಿತ್ಸೆ ಓದುತ್ತಿದ್ದೇನೆ. ಉಗ್ಗುವ ಇರಾನಿ ಸಹಪಾಠಿಯೊಬ್ಬರ ಪರ್ಷಿಯನ್ ಮಾತನ್ನು, ಅವರ ಒಪ್ಪಿಗೆ ಪಡೆದು, ಕಿರುಯೋಜನೆಗಾಗಿ ರೆಕಾರ್ಡ್ ಮಾಡುತ್ತಿದ್ದೇನೆ. ಯಾವ ಪದಗಳಲ್ಲಿ ಉಗ್ಗು ಹೆಚ್ಚು ಎಂದು ಗುರುತಿಸಲು ಇಂಗ್ಲಿಷ್ ಪಠ್ಯದಲ್ಲಿರುವ ಮಾನದಂಡಗಳನ್ನೇ ಬಳಸಬಹುದೆ?
— ಓದುಗರು, ಮೈಸೂರು

ಸಂಪಾದಕರ ಉತ್ತರ: ಹಾಗೇ ಎತ್ತಿಕೊಂಡರೆ ಲೆಕ್ಕ ದಾರಿ ತಪ್ಪುತ್ತದೆ. ನೀವು ಹೇಳುವ ಮಾನದಂಡಗಳು ಅಮೆರಿಕದ ಉಗ್ಗಿನ ಸಂಶೋಧಕ ಸ್ಪೆನ್ಸರ್ ಬ್ರೌನ್ 1945ರಲ್ಲಿ ಒಟ್ಟುಗೂಡಿಸಿದವು: ವ್ಯಂಜನದಿಂದ ಶುರುವಾಗುವ ಪದ, ವಾಕ್ಯದ ಮೊದಲ ಮೂರು ಪದಗಳು, ನಾಮಪದ-ಕ್ರಿಯಾಪದದಂಥ ಅರ್ಥಭಾರದ ಪದ, ಹೆಚ್ಚು ಅಕ್ಷರಗಳ ಉದ್ದ ಪದ. ಭಾಷೆ ಉಗ್ಗನ್ನು ಹುಟ್ಟಿಸುವುದಿಲ್ಲ. ಇರುವ ಉಗ್ಗು ಎಲ್ಲಿ ತಲೆ ಎತ್ತೀತು ಎಂಬುದರ ಮೇಲೆ ಅದರ ಪ್ರಭಾವವಿದೆ.

ಮೊದಲು ಉದ್ದ. ಪರ್ಷಿಯನ್ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಆ ಲಿಪಿಯಲ್ಲಿ ‘ಮದ್ರೆಸೆ’ಗೆ (ಶಾಲೆ) ಐದೇ ಅಕ್ಷರ, ಆದರೆ ಮೂರು ಸಿಲಬಲ್ (ಒಂದು ಸ್ವರದ ಸುತ್ತ ಉಚ್ಚರಿಸುವ ತುಣುಕು: ಮದ್-ರೆ-ಸೆ), ‘ಖಾಸ್ತಮ್’ಗೆ (ಬಯಸಿದೆ) ಆರು ಅಕ್ಷರ, ಬರೀ ಎರಡು ಸಿಲಬಲ್. ಆದ್ದರಿಂದ ಕಿವಿಗೆ ಕೇಳುವ ಸಿಲಬಲ್ ಎಣಿಸಿ. ಸ್ವರ-ವ್ಯಂಜನದ ಭೇದವನ್ನೂ ಅಷ್ಟಾಗಿ ನಂಬಬೇಡಿ. ‘ಆಬ್’ (ನೀರು) ಎನ್ನುವಾಗಲೂ ಗಂಟಲು ಒಮ್ಮೆ ಮುಚ್ಚಿ ತೆರೆಯುತ್ತದೆ.

ನಿಜವಾದ ಸ್ವಾರಸ್ಯ ಒತ್ತಿನದು, ಅಂದರೆ ಪದದ ಒಂದು ಸಿಲಬಲನ್ನು ಒತ್ತಿ ಹೇಳುವುದರದು. ಇಂಗ್ಲಿಷಿನಲ್ಲಿ ಒತ್ತು ಬಹಳಷ್ಟು ಸಲ ಪದದ ಮೊದಲಿಗೇ ಬೀಳುವುದರಿಂದ, ಉಗ್ಗಿಸಿದ್ದು ಒತ್ತೋ ಪದದ ಆರಂಭವೋ ಎಂದು ಬಿಡಿಸಿ ನೋಡುವುದು ಕಷ್ಟ. ಪರ್ಷಿಯನ್ ನಾಮಪದದಲ್ಲಿ ಒತ್ತು ಕೊನೆಗೆ: ಮದ್ರೆ‘ಸೆ’. ನಿಷೇಧದ ಕ್ರಿಯಾಪದದಲ್ಲಿ ಮೊದಲಿಗೆ: ‘ನೆ’ಮೀಖಾಸ್ತಮ್ (ಬಯಸುತ್ತಿರಲಿಲ್ಲ). ಆದರೆ ಹೋಲಿಸುವಾಗ ಎಚ್ಚರ: ಕನ್ನಡದಂತೆ ಅಲ್ಲೂ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಹಾಗಾಗಿ ಸ್ಥಾನವೂ ಬದಲಾಗಿರುತ್ತದೆ. ಕರ್ತೃವನ್ನು ಬಿಟ್ಟು ಮಾತಾಡುವ ರೂಢಿ ಇಲ್ಲಿ ನೆರವಿಗೆ ಬರುತ್ತದೆ. ಒಂದೇ ಪದದ ಉತ್ತರವಾಗಿ ಬಂದ ‘ನೆಮೀಖಾಸ್ತಮ್’ ಮತ್ತು ಉದ್ದ ವಾಕ್ಯದ ತುದಿಯಲ್ಲಿ ಬಂದದ್ದು, ಎರಡನ್ನೂ ಬೇರೆಬೇರೆ ಗುರುತು ಹಾಕಿ.

‘ದರ್ ದರ್ ದರ್ ಮದ್ರೆಸೆ’ (ಶಾಲೆಯಲ್ಲಿ) ಎಂದರೆ ಸಿಕ್ಕಿಕೊಂಡದ್ದು ‘ದರ್’ (‘-ಅಲ್ಲಿ’ ಎಂಬರ್ಥದ ಕಿರುಪದ) ಅಲ್ಲದಿರಬಹುದು. ಮುಂದಿನ ಪದ ಸಿದ್ಧವಾಗುವತನಕ ಕೈಯಲ್ಲಿರುವುದನ್ನೇ ತಿರುಗಿಸುತ್ತಿರಬಹುದು. ಇಡೀ ಪದದ ಪುನರಾವರ್ತನೆಗೆ ಪ್ರತ್ಯೇಕ ಕಾಲಂ ಇಡಿ. ದೊಡ್ಡವರಲ್ಲಿ ತಡೆ ಹೆಚ್ಚಾಗಿ ಅರ್ಥಭಾರದ ಪದಗಳ ಮೇಲೇ.

ಒಟ್ಟು ಸಂಖ್ಯೆ ಹೋಲಿಸಬೇಡಿ, ಪ್ರಮಾಣ ಹೋಲಿಸಿ. 200 ಕಿರುಪದಗಳಲ್ಲಿ 10 ಕಡೆ, 40 ಉದ್ದಪದಗಳಲ್ಲಿ 8 ಕಡೆ ಉಗ್ಗಿದ್ದಾರೆ ಎಂದುಕೊಳ್ಳಿ: ಸಂಖ್ಯೆಯಲ್ಲಿ ಕಿರುಪದ ಮುಂದು, ಪ್ರಮಾಣದಲ್ಲಿ ಶೇ. 5ಕ್ಕೆ ಎದುರಾಗಿ ಶೇ. 20.

ಸಂಭಾಷಣೆ, ಒಬ್ಬರೇ ಹೇಳುವ ವಿವರಣೆ, ಓದು, ಮೂರೂ ಬೇಕು. ಓದಿಗೆ ಹೊಸ ಪುಟ ಕೊಡಿ. ಅದೇ ಪುಟ ಮತ್ತೆ ಮತ್ತೆ ಓದಿದರೆ ಉಗ್ಗು ತಾನಾಗಿ ಇಳಿಯುತ್ತದೆ. ಬಾಯಿಪಾಠದ ಗಜಲಂತೂ ಬೇಡವೇ ಬೇಡ, ಲಯ ಉಗ್ಗನ್ನು ಮರೆಮಾಚುತ್ತದೆ.

ಇನ್ನೊಂದು ತೊಡಕು: ಉಗ್ಗುವ ಅನೇಕರು ಕಷ್ಟದ ಪದ ಬರುತ್ತದೆ ಎಂದು ಮೊದಲೇ ಗೊತ್ತಾಗಿ ಸುಲಭದ್ದನ್ನು ಬಳಸಿಬಿಡುತ್ತಾರೆ. ಅದು ನಿಮ್ಮ ಪಟ್ಟಿಗೆ ಸಿಗುವುದೇ ಇಲ್ಲ. ಹಾಗಾಗಿ ಬದಲಿಸಲಾಗದ ಹೆಸರು, ಊರು, ಫೋನ್ ನಂಬರ್ ಕೇಳಿ. ರೆಕಾರ್ಡಿಂಗನ್ನು ಅವರೊಂದಿಗೇ ಕೂತು ಕೇಳಿಸಿಕೊಂಡು, ಎಲ್ಲೆಲ್ಲಿ ಪದ ಬದಲಿಸಿದಿರಿ ಎಂದು ಕೇಳಿ ಬರೆದುಕೊಳ್ಳಿ.