ಅಂಡಾಶಯದ ಕ್ಯಾನ್ಸರ್: ಕೀಮೋಗೆ ಮುಂಚೆ ಗಡ್ಡೆಯ ಮೇಲೆ ಔಷಧ ಪರೀಕ್ಷೆ ಮಾಡಿಸಲು ಯಾವ ಲ್ಯಾಬ್ ಒಳ್ಳೆಯದು?

ಮುಂದಿನ ವಾರ ನಿಮ್ಮ ತಾಯಿಯ ಆಪರೇಷನ್ ಅಂದಿದ್ದೀರಿ. 2019ರಲ್ಲಿ ನನ್ನ ಅಕ್ಕನಿಗಾಗಿ ನಾನೂ ಇಂಥದೇ ಲ್ಯಾಬ್ ಹುಡುಕುತ್ತಿದ್ದೆ: ಗಡ್ಡೆಯ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಯಾವ ಕೀಮೋ ಔಷಧಕ್ಕೆ ಅವು ಸಾಯುತ್ತವೆ ಅಂತ ನೋಡುವ ಲ್ಯಾಬ್.

ಅವಳ ಗಡ್ಡೆ ತೆಗೆದ ಕೂಡಲೇ ಫಾರ್ಮಲಿನ್ (ಕೊಳೆಯದಂತೆ ಕಾಪಾಡುವ ದ್ರಾವಣ) ಡಬ್ಬಿಗೆ ಹೋಯಿತು. ಅದರಲ್ಲಿ ಕೋಶಗಳು ಸಾಯುತ್ತವೆ. ಈ ಪರೀಕ್ಷೆಗೆ ಜೀವಂತ ಕೋಶ ಬೇಕು. ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿದರೆ ಅದರಲ್ಲಿ ಜೀವಂತ ಕ್ಯಾನ್ಸರ್ ಕೋಶ ಸಿಗಬಹುದು, ಅದನ್ನೇ ಕಳಿಸಿ ಅಂದರು ಲ್ಯಾಬಿನವರು.

ನಾನು ತಪ್ಪಿದ್ದು ಇಲ್ಲೇ. ಡಾಕ್ಟರು ಕಾರ್ಬೋಪ್ಲಾಟಿನ್ (ಇದು ಪ್ಲಾಟಿನಂ ಔಷಧ), ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಎರಡು ಕೀಮೋ ಔಷಧ ಬರೆದು ತಾರೀಖೂ ಕೊಟ್ಟಿದ್ದರು. ರಿಪೋರ್ಟ್ ಬರಲಿ ಅಂತ ಹಟ ಹಿಡಿದು ಮುಂದೂಡಿಸಿದವಳು ನಾನು. ನೀರು ತುಂಬಲಿ ಅಂತ ಕಾದೆವು. ಆ ನೀರು ಬರುವುದೇ ಕಾಯಿಲೆಯಿಂದ. ಅಂದರೆ ಅಕ್ಕನ ಕಾಯಿಲೆ ಹೆಚ್ಚಲಿ ಅಂತ ಕಾದ ಹಾಗಾಯಿತು, ಅದು ಆಗ ನನ್ನ ತಲೆಗೆ ಹೋಗಲಿಲ್ಲ. ಆಮೇಲೆ ಕೋಶ ಬೆಳೆಯಲಿ ಅಂತ ಕಾದೆವು. ಒಟ್ಟು ಆರು ವಾರ. ಕೊನೆಯ ಹತ್ತು ದಿನ ಅವಳಿಗೆ ಮಲಗಲು ಆಗುತ್ತಿರಲಿಲ್ಲ. ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ.

ರಿಪೋರ್ಟ್‌ನಲ್ಲಿ ಕಾರ್ಬೋಪ್ಲಾಟಿನ್ ಎದುರು ‘ನಿರೋಧ’ ಅಂತಿತ್ತು, ಅಂದರೆ ಕೋಶಗಳು ಆ ಔಷಧಕ್ಕೆ ಬಗ್ಗುವುದಿಲ್ಲ. ಡಾಕ್ಟರು ಓದಿ ಪಕ್ಕಕ್ಕಿಟ್ಟರು. “ತಟ್ಟೆಯಲ್ಲಿ ರಕ್ತನಾಳ ಇಲ್ಲ, ಲಿವರ್ ಇಲ್ಲ. ಇದನ್ನು ನಂಬಿ ಪ್ಲಾಟಿನಂ ಬಿಡಲಾರೆ” ಅಂದರು. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ 2004ರಲ್ಲೂ 2011ರಲ್ಲೂ ಹೇಳಿದ್ದು ಅದನ್ನೇ: ಸಂಶೋಧನೆಯ ಹೊರಗೆ ಈ ಪರೀಕ್ಷೆ ನೋಡಿ ಕೀಮೋ ಆರಿಸಬೇಡಿ. ಕೊನೆಗೆ ಅದೇ ಕಾರ್ಬೋಪ್ಲಾಟಿನ್ ಕೊಟ್ಟರು. ಮೂರನೇ ಸುತ್ತಿಗೆ, ಕಾಯಿಲೆ ಎಷ್ಟಿದೆ ಅಂತ ತಿಳಿಯಲು ರಕ್ತದಲ್ಲಿ ನೋಡುವ ಸಿಎ-125 ಪ್ರಮಾಣ 1,100ರಿಂದ 60ಕ್ಕೆ ಇಳಿಯಿತು.

ಆದ್ದರಿಂದ ಯಾವ ಲ್ಯಾಬ್ ಅನ್ನುವ ಪ್ರಶ್ನೆಯನ್ನೇ ಬಿಡಿ. ಬಿಆರ್‌ಸಿಎ ಪರೀಕ್ಷೆ, ಅಂದರೆ ಈ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಜೀನ್ ದೋಷದ ಪರೀಕ್ಷೆ, ಯಾವಾಗ ಅಂತ ಕೇಳಿ. ನಾನು ಕೇಳಲಿಲ್ಲ. ಎರಡು ವರ್ಷಕ್ಕೆ ಕಾಯಿಲೆ ಮರಳಿದ ಮೇಲೆ ಮಾಡಿಸಿದಾಗ ಅಕ್ಕನಲ್ಲಿ ಬಿಆರ್‌ಸಿಎ1 ದೋಷ ಕಂಡಿತು. ಮೊದಲೇ ಗೊತ್ತಿದ್ದರೆ ಮೊದಲ ಕೀಮೋ ಫಲಿಸಿದ ಕೂಡಲೇ ಒಲಾಪರಿಬ್ ಮಾತ್ರೆ ಶುರುಮಾಡಬಹುದಿತ್ತು. 2018ರಲ್ಲಿ ಪ್ರಕಟವಾದ ಸೋಲೋ-1 ಅಧ್ಯಯನದಲ್ಲಿ, ಇಂಥ ದೋಷವಿದ್ದು ಮಾತ್ರೆ ತೆಗೆದುಕೊಂಡವರಲ್ಲಿ ಮೂರು ವರ್ಷವಾದರೂ ಕಾಯಿಲೆ ಮುಂದುವರಿಯದವರು ಶೇ. 60, ತೆಗೆದುಕೊಳ್ಳದವರಲ್ಲಿ ಶೇ. 27. ಈ ಅಂಕಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹುಟ್ಟಿನಿಂದ ಬಂದ ಬಿಆರ್‌ಸಿಎ ದೋಷ ತಿಳಿಯಲು ರಕ್ತ ಸಾಕು. ಹಾಳಾದ ಡಿಎನ್‌ಎಯನ್ನು ಸರಿಪಡಿಸುವ ಶಕ್ತಿ ಕ್ಯಾನ್ಸರ್ ಕೋಶಗಳಲ್ಲಿ ಕುಂದಿದೆಯೇ ಅಂತ ನೋಡುವ ಎಚ್‌ಆರ್‌ಡಿ ಪರೀಕ್ಷೆಯನ್ನು ಫಾರ್ಮಲಿನ್‌ನಲ್ಲಿಟ್ಟ ಗಡ್ಡೆಯಲ್ಲೇ ಮಾಡುತ್ತಾರೆ. ಎರಡಕ್ಕೂ ಕೀಮೋ ನಿಲ್ಲಿಸಬೇಕಿಲ್ಲ, ಅದು ನಡೆಯುತ್ತಿರುವಾಗಲೇ ರಿಪೋರ್ಟ್ ಬರುತ್ತದೆ. ತಾಯಿಯಲ್ಲಿ ದೋಷ ಸಿಕ್ಕರೆ ನೀವೂ ರಕ್ತ ಕೊಡಿ, ಮಕ್ಕಳಿಗೆ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ನಾನು ಕೊಟ್ಟೆ, ನನ್ನಲ್ಲೂ ಇತ್ತು.